ತೌಡಿನಲ್ಲಿ ಅರಳಿದ ಉದ್ಯಮ

ಜೋಕಿಚಿ ತಕಾಮಿನೆ ಎಂದೊಡನೆ ಜಗತ್ತು ಅಡ್ರಿನಲಿನ್ ಅನ್ನು ನೆನೆಯುತ್ತದೆ. ನಾನು ನೆನೆಯುವುದು ಗೋಧಿಯ ತೌಡನ್ನು.

1854ರಲ್ಲಿ ಜಪಾನಿನಲ್ಲಿ ಜನಿಸಿದ ಅವರು, ಪಿಷ್ಟವನ್ನು ಸಕ್ಕರೆಯಾಗಿಸುವ ಕೋಜಿ ಶಿಲೀಂಧ್ರವನ್ನು ಅಮೆರಿಕದಲ್ಲಿ ತೌಡಿನ ಮೇಲೆ ಬೆಳೆಸಿದರು. ತೇವ ಕಡಿಮೆಯಾದರೆ ಶಿಲೀಂಧ್ರ ಬಾಡುತ್ತದೆ. ಹೆಚ್ಚಾದರೆ ಗಾಳಿಯಾಡದೆ ತೌಡು ಕೊಳೆಯುತ್ತದೆ. ಬೆಳೆಯುವಾಗ ತಾನೇ ಹೊಮ್ಮಿಸುವ ಶಾಖವೂ ಅದಕ್ಕೆ ಮಾರಕ. ಈ ಮೂರನ್ನೂ ಅಂಕೆಯಲ್ಲಿಟ್ಟರೆ, ವಿಸ್ಕಿ ತಯಾರಿಕೆಗೆ ಮೊಳಕೆ ಬಾರ್ಲಿಯೇ ಬೇಕಿರಲಿಲ್ಲ.

ಮಾಲ್ಟ್ ತಯಾರಕರಿಗೆ ಇದು ಅನ್ನಕ್ಕೆ ಬಂದ ಕುತ್ತು. ಅವರ ವಿರೋಧದ ನಡುವೆಯೇ 1891ರಲ್ಲಿ ಪಿಯೋರಿಯಾದ ಘಟಕ ಬೆಂಕಿಗೆ ಆಹುತಿಯಾಯಿತು. ತಕಾಮಿನೆ ಎದೆಗುಂದಲಿಲ್ಲ. ಆ ಕಿಣ್ವಕ್ಕೆ 1894ರಲ್ಲಿ ಪೇಟೆಂಟ್ ಪಡೆದರು. ಟಕಾಡಯಾಸ್ಟೇಸ್ ಎಂಬ ಹೆಸರಿನಲ್ಲಿ ಅದು ಅಜೀರ್ಣದ ಔಷಧವಾಯಿತು. 1922ರಲ್ಲಿ ಅವರು ನ್ಯೂಯಾರ್ಕಿನಲ್ಲಿ ನಿಧನರಾದರು.

ಜೀವಿಯಿಂದ ದುಡಿಮೆ ಬಯಸುವ ಉದ್ಯಮ ಮೊದಲು ಆ ಜೀವಿಯ ಅಗತ್ಯವನ್ನು ಅರಿಯಬೇಕು. ಅವರ ಹಿರಿಮೆಯನ್ನು ನಾನು ಕಾಣುವುದು ಆ ಅರಿವಿನಲ್ಲೇ.