ಸೂಕ್ಷ್ಮತರಂಗಗಳ ಸಾಧಕ ಆಚಾರ್ಯ ಜಗದೀಶಚಂದ್ರ ಬೋಸ್

ವಿದ್ಯೆಯನ್ನೇ ಕಾಯಕವಾಗಿ ಕೈಗೊಂಡು, ಅದರ ಫಲವನ್ನು ದಾಸೋಹದಂತೆ ಲೋಕಕ್ಕೆ ಸಲ್ಲಿಸಿದ ವಿಜ್ಞಾನಿಗಳಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ಅಗ್ರಗಣ್ಯರು. ಅವರು 1858ರ ನವೆಂಬರ್ 30ರಂದು, ಈಗ ಬಾಂಗ್ಲಾದೇಶಕ್ಕೆ ಸೇರಿರುವ ಮೈಮನ್‌ಸಿಂಗ್‌ನಲ್ಲಿ ಜನಿಸಿದರು. ಸರಕಾರಿ ಅಧಿಕಾರಿಗಳಾಗಿದ್ದ ತಂದೆ ಭಗವಾನ್‌ಚಂದ್ರರು ಮಗನನ್ನು ಮೊದಲು ಮಾತೃಭಾಷೆಯ ಶಾಲೆಗೇ ಕಳುಹಿಸಿದರು. ಅಲ್ಲಿ ಬೆಸ್ತರ ಮಕ್ಕಳೂ ಅವರ ಸಹಪಾಠಿಗಳಾಗಿದ್ದರು.

ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮುಗಿಸಿ 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರಾದಾಗ, ಭಾರತೀಯರೆಂಬ ಕಾರಣಕ್ಕೆ ಅವರಿಗೆ ಆಂಗ್ಲರಿಗಿಂತ ಕಡಿಮೆ ವೇತನ ಗೊತ್ತಾಯಿತು. ಬೋಸರು ಪಾಠವನ್ನು ಬಿಡಲಿಲ್ಲ; ವೇತನವನ್ನು ಮುಟ್ಟಲಿಲ್ಲ. ಮನೆಯಲ್ಲಿ ಸಾಲದ ಹೊರೆಯಿದ್ದರೂ ಮೂರು ವರ್ಷ ಹೀಗೆಯೇ ದುಡಿದರು. ಕೊನೆಗೆ ಸರಕಾರವೇ ಮಣಿದು, ಪೂರ್ಣ ವೇತನವನ್ನು ಬಾಕಿಸಹಿತ ಸಲ್ಲಿಸಿತು. ಆ ಹಣ ತಂದೆಯ ಸಾಲಕ್ಕೆ ಸಂದಿತು.

1894ರಲ್ಲಿ ಕಾಲೇಜಿನ ಪುಟ್ಟ ಕೊಠಡಿಯೊಂದರಲ್ಲಿ ಅವರ ಸಂಶೋಧನೆ ಆರಂಭವಾಯಿತು. ಜರ್ಮನಿಯ ಹರ್ಟ್ಸ್ ಕಂಡುಹಿಡಿದಿದ್ದ ವಿದ್ಯುತ್ಕಾಂತೀಯ ತರಂಗಗಳು ಬಹು ಉದ್ದವಾದವು. ಅವನ್ನು ಬೆಳಕಿನ ಕಿರಣದಂತೆ ಮೇಜಿನ ಮೇಲೆ ಪರೀಕ್ಷಿಸುವುದು ಕಷ್ಟವಾಗಿತ್ತು. ಬೋಸರು 5ರಿಂದ 25 ಮಿಲಿಮೀಟರುಗಳಷ್ಟು ಕಿರಿದಾದ ತರಂಗಗಳನ್ನು ಉತ್ಪಾದಿಸಿ, ಲೋಹದ ಕೊಳವೆ ಹಾಗೂ ಆಲಿಕೆಗಳ ಮೂಲಕ ಅವನ್ನು ಬೇಕಾದೆಡೆಗೆ ಹರಿಸಿದರು. ಹೊಸೆದ ಸೆಣಬಿನ ಕಟ್ಟು ಅವುಗಳ ಕಂಪನದ ದಿಕ್ಕನ್ನು ತಿರುಗಿಸುವುದನ್ನೂ ತೋರಿಸಿದರು. 1895ರಲ್ಲಿ ಕಲ್ಕತ್ತೆಯ ಪುರಭವನದಲ್ಲಿ, ಗೋಡೆಗಳನ್ನು ದಾಟಿಹೋದ ಅವರ ತರಂಗಗಳು ದೂರದ ಗಂಟೆಯನ್ನು ಬಾರಿಸಿ, ಮದ್ದನ್ನು ಸಿಡಿಸಿದವು. 1897ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ವಿದ್ವಾಂಸರು ಈ ಪ್ರಯೋಗಗಳನ್ನು ಕಂಡು ವಿಸ್ಮಿತರಾದರು.

1901ರಲ್ಲಿ ಲಂಡನ್ನಿನ ತಂತಿ ಕಂಪನಿಯೊಂದರ ಒಡೆಯನು, ತಾನೇ ಹಣ ಹೂಡಿ ಲಾಭವನ್ನು ಹಂಚಿಕೊಳ್ಳುವುದಾಗಿ ಹೇಳಿ ಹಕ್ಕುಪತ್ರದ ಅರ್ಜಿಯೊಡನೆ ಬಂದನು. ಬೋಸರು ನಿರಾಕರಿಸಿದರು. ಮಿತ್ರರ ಒತ್ತಾಯದಿಂದ ಗ್ರಾಹಕ ಯಂತ್ರಕ್ಕೆ 1904ರಲ್ಲಿ ಅಮೆರಿಕದ ಹಕ್ಕುಪತ್ರ ದೊರೆತರೂ ಅದರಿಂದ ಅವರು ಧನಸಂಪಾದನೆ ಮಾಡಲಿಲ್ಲ.

ಕಿಡಿಯಿಂದ ಹುಟ್ಟುತ್ತಿದ್ದ ಅವರ ತರಂಗಗಳು ಕ್ಷಣಮಾತ್ರದಲ್ಲಿ ಅಡಗುತ್ತಿದ್ದವು; ಸಂಕೇತವನ್ನು ಮುಟ್ಟಿಸಬಲ್ಲವಾಗಿದ್ದರೂ ಮಾತನ್ನು ಹೊರಲು ಅಶಕ್ತವಾಗಿದ್ದವು. ಅದಕ್ಕೆ ಎಡೆಬಿಡದೆ ಒಂದೇ ಲಯದಲ್ಲಿ ಸಾಗುವ ಸಂಸಕ್ತ ತರಂಗಗಳು ಬೇಕು. ಅಂತಹ ಸೂಕ್ಷ್ಮತರಂಗಗಳನ್ನು ಪ್ರಬಲವಾಗಿ ನೀಡುವ ಕ್ಲೈಸ್ಟ್ರಾನ್ ನಳಿಕೆಯನ್ನು ಅಮೆರಿಕದ ವೇರಿಯನ್ ಸಹೋದರರು ರೂಪಿಸಿದುದು 1937ರಲ್ಲಿ. ಅದೇ ವರ್ಷದ ನವೆಂಬರ್ 23ರಂದು ಬೋಸರು ಗಿರಿಡಿಯಲ್ಲಿ ಕಾಲವಾದರು. ಇಂದು ಗೋಪುರದಿಂದ ಗೋಪುರಕ್ಕೆ, ಭೂಮಿಯಿಂದ ಉಪಗ್ರಹಕ್ಕೆ ಮಾತು ಚಿತ್ರಗಳನ್ನು ಒಯ್ಯುವ ವ್ಯವಸ್ಥೆಯಲ್ಲಿ ಅವರು ಬಳಸಿದ್ದಂತಹ ಕೊಳವೆ, ಆಲಿಕೆಗಳೇ ಸುಧಾರಿತ ರೂಪದಲ್ಲಿ ದುಡಿಯುತ್ತಿವೆ.

1917ರಲ್ಲಿ ತಾವು ಸ್ಥಾಪಿಸಿದ ವಿಜ್ಞಾನ ಮಂದಿರವನ್ನು ಬೋಸರು ದೇಶಕ್ಕೆ ಅರ್ಪಿಸಿದರು. ಸಲ್ಲದ ವೇತನವನ್ನು ಒಲ್ಲದ ಕೈ, ಸಲ್ಲಬಹುದಾಗಿದ್ದ ಸಂಪತ್ತನ್ನೂ ಬಯಸಲಿಲ್ಲ. ವಿದ್ಯಾದಾನವೇ ವ್ರತವಾಗಿರುವ ಸಂಸ್ಥೆಗಳಿಗೆ ಈ ಬಾಳು ನಿತ್ಯಸ್ಮರಣೀಯ.