ರೊನಾಲ್ಡ್ ರಾಸ್

ಸರ್ ರೊನಾಲ್ಡ್ ರಾಸ್ (13 ಮೇ 1857 – 16 ಸೆಪ್ಟೆಂಬರ್ 1932) ಭಾರತದಲ್ಲಿ ಸೇವೆ ಸಲ್ಲಿಸಿದ ಬ್ರಿಟಿಷ್ ವೈದ್ಯ ಹಾಗೂ ಸಂಶೋಧಕ. ಮಲೇರಿಯಾ ರೋಗದ ಪರೋಪಜೀವಿಯು ಸೊಳ್ಳೆಯ ದೇಹದಲ್ಲಿ ಬೆಳೆಯುತ್ತದೆ ಎಂಬುದನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದುದಕ್ಕಾಗಿ ಪ್ರಸಿದ್ಧರು. 1902ರಲ್ಲಿ ವೈದ್ಯಕೀಯ ವಿಭಾಗದ ನೊಬೆಲ್ ಪ್ರಶಸ್ತಿ ಪಡೆದರು. ಈ ಸಂಶೋಧನೆಗೆ ಮುಂಚಿನ ಸುಮಾರು ಒಂದೂವರೆ ವರ್ಷವನ್ನು ಅವರು ಬೆಂಗಳೂರಿನಲ್ಲಿ ಕಳೆದರು. ತಮ್ಮ ರೋಗಿಗಳ ರಕ್ತದಲ್ಲಿ ಕಂಡದ್ದನ್ನು ಲಂಡನ್ನಿನಲ್ಲಿದ್ದ ಹಿರಿಯ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಅವರಿಗೆ ಬರೆದು ತಿಳಿಸಿ ಸಲಹೆ ಕೇಳುತ್ತಿದ್ದರು. 1895ರಿಂದ 1899ರವರೆಗೆ ಇಬ್ಬರ ನಡುವೆ ನಡೆದ ಪತ್ರಗಳ ಸಂಖ್ಯೆ 170ನ್ನು ಮೀರುತ್ತದೆ.

ಆರಂಭಿಕ ಜೀವನ

ರಾಸ್ ಹುಟ್ಟಿದ್ದು ಹಿಮಾಲಯದ ತಪ್ಪಲಿನ ಅಲ್ಮೋರದಲ್ಲಿ. ತಂದೆ ಭಾರತದ ಸೇನೆಯಲ್ಲಿ ಅಧಿಕಾರಿಯಾಗಿದ್ದರು. ಎಂಟನೆಯ ವಯಸ್ಸಿನಲ್ಲಿ ಅವರನ್ನು ವಿದ್ಯಾಭ್ಯಾಸಕ್ಕೆಂದು ಇಂಗ್ಲೆಂಡಿಗೆ ಕಳುಹಿಸಲಾಯಿತು. ಕವಿತೆ, ಸಂಗೀತ, ಗಣಿತಗಳಲ್ಲಿ ಅವರಿಗಿದ್ದ ಒಲವು ವೈದ್ಯಕೀಯದಲ್ಲಿರಲಿಲ್ಲ. ತಂದೆಯ ಇಚ್ಛೆಯಂತೆ ಲಂಡನ್ನಿನ ಸೇಂಟ್ ಬಾರ್ಥೋಲೊಮ್ಯೂ ಆಸ್ಪತ್ರೆಯ ಕಾಲೇಜು ಸೇರಿದರು. 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಪ್ರವೇಶಿಸಿ ಮದರಾಸು ಪ್ರಾಂತಕ್ಕೆ ಬಂದರು.

1883ರಲ್ಲಿ ಬೆಂಗಳೂರಿನ ದಂಡು ಪ್ರದೇಶದಲ್ಲಿ ಹಂಗಾಮಿ ಸೇನಾ ವೈದ್ಯರಾಗಿದ್ದಾಗ ಅವರ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಿಟಕಿಯ ಕೆಳಗಿದ್ದ ನೀರಿನ ಪೀಪಾಯಿಯಲ್ಲಿ ಸೊಳ್ಳೆಯ ಮರಿಗಳು ತುಂಬಿರುವುದನ್ನು ಕಂಡು ಅದನ್ನು ಬರಿದು ಮಾಡಿಸಿದರು, ಕಾಟ ತಗ್ಗಿತು. ಅಧಿಕಾರಿಗಳ ಭೋಜನಗೃಹದಲ್ಲೂ ಹಾಗೆಯೇ ಮಾಡಬೇಕೆಂಬ ಅವರ ಸೂಚನೆಗೆ ಮೇಲಿನವರು ಒಪ್ಪಲಿಲ್ಲ. ಸೊಳ್ಳೆಗೂ ಜ್ವರಕ್ಕೂ ಇರುವ ನಂಟು ಆಗ ಅವರ ಮನಸ್ಸಿನಲ್ಲಿ ಸುಳಿದಿರಲಿಲ್ಲ.

ಮ್ಯಾನ್ಸನ್ ಅವರ ಭೇಟಿ

ಫ್ರೆಂಚ್ ಸೇನಾ ವೈದ್ಯ ಲ್ಯಾವರಾನ್ 1880ರಲ್ಲಿಯೇ ಆಲ್ಜೀರಿಯಾದಲ್ಲಿ ಮಲೇರಿಯಾ ರೋಗಿಗಳ ರಕ್ತದಲ್ಲಿ ಪರೋಪಜೀವಿಯನ್ನು ಕಂಡಿದ್ದರು. ರಾಸ್ ಇದನ್ನು ನಂಬಲಿಲ್ಲ. ಎಷ್ಟು ಹುಡುಕಿದರೂ ತಮ್ಮ ಸೂಕ್ಷ್ಮದರ್ಶಕದಲ್ಲಿ ಅದು ಕಾಣದಿದ್ದುದರಿಂದ, ಜ್ವರಕ್ಕೆ ಕರುಳಿನ ದೋಷವೇ ಮೂಲವೆಂದು ಲೇಖನಗಳನ್ನೂ ಬರೆದರು. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಮ್ಯಾನ್ಸನ್ ಅವರೇ ಆ ಜೀವಿಯನ್ನು ತೋರಿಸಿಕೊಟ್ಟರು. ಮ್ಯಾನ್ಸನ್ ಚೀನಾದ ಅಮೊಯ್ ಬಂದರಿನಲ್ಲಿದ್ದಾಗ, ಆನೆಕಾಲು ರೋಗದ ಹುಳು ಸೊಳ್ಳೆಯೊಳಗೆ ಬೆಳೆಯುವುದನ್ನು 1877ರಲ್ಲಿ ಕಂಡವರು. ಮಲೇರಿಯಾಕ್ಕೂ ಸೊಳ್ಳೆಯೇ ಆಶ್ರಯವಿರಬೇಕೆಂದು ಅವರು ಊಹಿಸಿದ್ದರು. ಆದರೆ ಲಂಡನ್ನಿನಲ್ಲಿ ಕುಳಿತು ಅದನ್ನು ಪರೀಕ್ಷಿಸುವುದು ಅವರಿಗೆ ಸಾಧ್ಯವಿರಲಿಲ್ಲ. ರೋಗಿಗಳೂ ಸೊಳ್ಳೆಗಳೂ ಇದ್ದದ್ದು ರಾಸ್ ಮರಳಲಿದ್ದ ಭಾರತದಲ್ಲಿ.

ಅಂಚೆಯ ಮೂಲಕ ಸಲಹೆ

1895ರ ಏಪ್ರಿಲ್‌ನಲ್ಲಿ ಸಿಕಂದರಾಬಾದು ತಲುಪಿದ ರಾಸ್, ಜ್ವರಪೀಡಿತರ ಬೆರಳಿನ ರಕ್ತವನ್ನು ಪರೀಕ್ಷಿಸಿ, ಕಂಡದ್ದನ್ನೆಲ್ಲ ಮ್ಯಾನ್ಸನ್ ಅವರಿಗೆ ಬರೆಯತೊಡಗಿದರು. ಅಂದಿನ ಹಡಗಿನ ಅಂಚೆ ಲಂಡನ್ ಸೇರಲು ಎರಡೂವರೆ ಮೂರು ವಾರ ಹಿಡಿಯುತ್ತಿತ್ತು. ಪ್ರಶ್ನೆಗೆ ಉತ್ತರ ಬರುವ ವೇಳೆಗೆ ಒಂದು ತಿಂಗಳು ದಾಟುತ್ತಿತ್ತು. ಅಷ್ಟರಲ್ಲಿ ರೋಗಿ ಗುಣಹೊಂದಿ ಮನೆಗೆ ಹೋಗಿರುತ್ತಿದ್ದ, ಇಲ್ಲವೇ ತೀರಿಕೊಂಡಿರುತ್ತಿದ್ದ. ಹೀಗಾಗಿ ಈ ಪತ್ರಗಳು ಒಬ್ಬ ರೋಗಿಯ ಚಿಕಿತ್ಸೆಗೆ ಒದಗುವುದಕ್ಕಿಂತ, ಮುಂದಿನ ರೋಗಿಯಲ್ಲಿ ಏನನ್ನು ಹುಡುಕಬೇಕೆಂಬುದಕ್ಕೆ ಒದಗಿದವು. ಸೊಳ್ಳೆ ಹೀರಿದ ರಕ್ತದಲ್ಲಿ ಪರೋಪಜೀವಿಯಿಂದ ಹೊರಡುವ ಚಾವಟಿಯಂಥ ಎಳೆಗಳ ಗತಿಯನ್ನು ಬಿಡದೆ ಅನುಸರಿಸಬೇಕೆಂಬುದು ಮ್ಯಾನ್ಸನ್ ಅವರ ಮುಖ್ಯ ಸಲಹೆಯಾಗಿತ್ತು.

ದೂರದ ಸಲಹೆಯಲ್ಲಿ ದೊಡ್ಡದೊಂದು ತಪ್ಪೂ ಇತ್ತು. ಸೊಳ್ಳೆ ಒಮ್ಮೆ ರಕ್ತ ಹೀರಿ, ನೀರಿನಲ್ಲಿ ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತದೆ, ಆ ನೀರನ್ನು ಕುಡಿದವರಿಗೆ ಜ್ವರ ಬರುತ್ತದೆ ಎಂದು ಮ್ಯಾನ್ಸನ್ ಭಾವಿಸಿದ್ದರು. ಅದರಂತೆ ರಾಸ್, ಸೊಳ್ಳೆ ಸತ್ತ ನೀರನ್ನು ಒಪ್ಪಿಗೆ ಕೊಟ್ಟವರಿಗೆ ಕುಡಿಸಿದರು. ಒಬ್ಬನಿಗೆ ಹನ್ನೊಂದು ದಿನಗಳ ನಂತರ ಜ್ವರ ಬಂದಾಗ ಊಹೆ ನಿಜವಾಯಿತೆಂದೇ ತೋರಿತು. ಮುಂದಿನ ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ. ಒಪ್ಪಿಗೆ ಪಡೆದಿದ್ದರೂ ಬಡವರಿಗೆ ಹಣ ಕೊಟ್ಟು ಮಾಡಿದ ಇಂಥ ಪ್ರಯೋಗಗಳನ್ನು ಇಂದಿನ ವೈದ್ಯಕೀಯ ನೀತಿ ಒಪ್ಪುವುದಿಲ್ಲ.

1895ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಕಾಲರಾ ಹರಡಿದ್ದರಿಂದ ದಂಡು ಪ್ರದೇಶದ ನೈರ್ಮಲ್ಯದ ಮೇಲ್ವಿಚಾರಣೆಗೆ ರಾಸ್ ಅವರನ್ನು ಕರೆಸಲಾಯಿತು. ಹಗಲು ಕಾಲರಾ ಕೆಲಸ, ಉಳಿದ ವೇಳೆಯಲ್ಲಿ ಸೊಳ್ಳೆ. ಇಲ್ಲಿರುವಾಗಲೇ, ಜ್ವರ ಹರಡುವುದು ನೀರಿನಿಂದಲ್ಲ, ಕಡಿತದಿಂದ ಎಂಬ ಅನುಮಾನ 1896ರಲ್ಲಿ ಅವರಲ್ಲಿ ಬಲಿಯಿತು. ಬೌರಿಂಗ್ ಆಸ್ಪತ್ರೆಯ ಸಹಾಯಕ ಸರ್ಜನರೊಬ್ಬರು ರೋಗಿಯ ರಕ್ತ ಹೀರಿದ ಸೊಳ್ಳೆಗಳಿಂದ ತಾವಾಗಿಯೇ ಕಚ್ಚಿಸಿಕೊಂಡರು. ಅವರಿಗೆ ಜ್ವರ ಬರಲಿಲ್ಲ. ಅನುಮಾನ ಸರಿಯಾಗಿಯೇ ಇತ್ತು. ಆದರೆ ಎಲ್ಲ ಜಾತಿಯ ಸೊಳ್ಳೆಗಳೂ ಮಲೇರಿಯಾ ಹರಡುವುದಿಲ್ಲವೆಂಬುದು ಆಗ ಇಬ್ಬರಿಗೂ ತಿಳಿದಿರಲಿಲ್ಲ.

1897ರ ಆವಿಷ್ಕಾರ

1897ರ ಬೇಸಿಗೆಯಲ್ಲಿ ರಾಸ್ ಊಟಿಗೆ ಹೋದರು. ಅಲ್ಲಿಂದ ಮೈಸೂರು ಪ್ರಸ್ಥಭೂಮಿಯ ಕಡೆಗೆ ಇಳಿಯುವ ಸೀಗೂರು ಘಟ್ಟದಲ್ಲಿ ಜ್ವರದ ಕಾರಣ ಹುಡುಕುತ್ತಿದ್ದಾಗ, ಸೊಳ್ಳೆಪರದೆಯೊಳಗೆ ಮಲಗುತ್ತಿದ್ದರೂ ಅವರಿಗೇ ಮಲೇರಿಯಾ ಬಂತು. ಚೇತರಿಸಿಕೊಂಡು ಜೂನ್‌ನಲ್ಲಿ ಸಿಕಂದರಾಬಾದಿಗೆ ಮರಳಿದರು. ಸೆಕೆಯಲ್ಲಿ ಪಂಖ ಎಳೆಸುವಂತಿರಲಿಲ್ಲ. ಕೊಯ್ದಿಟ್ಟ ಸೊಳ್ಳೆ ಹಾರಿಹೋಗುತ್ತಿತ್ತು. ಹಣೆಯ ಬೆವರಿನಿಂದ ಸೂಕ್ಷ್ಮದರ್ಶಕದ ತಿರುಪುಗಳಿಗೆ ತುಕ್ಕು ಹಿಡಿದಿತ್ತು, ಗಾಜು ಬಿರುಕು ಬಿಟ್ಟಿತ್ತು.

ಆಗಸ್ಟ್ 16ರಂದು ಹುಸೇನ್ ಖಾನ್ ಎಂಬ ರೋಗಿಯನ್ನು ರೆಕ್ಕೆಯ ಮೇಲೆ ಮಚ್ಚೆಗಳುಳ್ಳ ಜಾತಿಯ ಸೊಳ್ಳೆಗಳಿಂದ ಕಚ್ಚಿಸಲಾಯಿತು. ಕಚ್ಚಿದ ಒಂದೊಂದು ಸೊಳ್ಳೆಗೂ ಅವನಿಗೆ ಒಂದು ಆಣೆ ಸಂದಿತು. ಆಗಸ್ಟ್ 20ರಂದು, ಉಳಿದಿದ್ದ ಕೆಲವೇ ಸೊಳ್ಳೆಗಳಲ್ಲಿ ಒಂದರ ಜಠರದ ಗೋಡೆಯಲ್ಲಿ ರಾಸ್ ದುಂಡನೆಯ ಕೋಶಗಳನ್ನು ಕಂಡರು; ಒಳಗಿದ್ದ ಕಪ್ಪು ಕಣಗಳು ಮಲೇರಿಯಾ ಪರೋಪಜೀವಿಯ ಕಣಗಳಂತೆಯೇ ಇದ್ದವು. ಮರುದಿನ ಕೊಯ್ದ ಸೊಳ್ಳೆಯಲ್ಲಿ ಅವು ಇನ್ನಷ್ಟು ದೊಡ್ಡದಾಗಿದ್ದವು. ಸತ್ತ ಸೊಳ್ಳೆಯಲ್ಲಿ ಏನೂ ಬೆಳೆಯುವುದಿಲ್ಲ. ಜೀವಂತ ಸೊಳ್ಳೆಯನ್ನು ಹಲವು ದಿನ ಸಾಕಿದ್ದೇ ನಿರ್ಣಾಯಕವಾಯಿತು. ಮಾದರಿಗಳು ಲಂಡನ್ ತಲುಪಿದವು, ಮ್ಯಾನ್ಸನ್ ಪರಿಶೀಲಿಸಿ ಟಿಪ್ಪಣಿ ಸೇರಿಸಿದರು, ವರದಿ ಡಿಸೆಂಬರ್ 18ರಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ಅಷ್ಟರಲ್ಲಿ ರಾಸ್ ಅವರನ್ನು ರಜಪೂತಾನದ ಖೇರ್ವಾಡಕ್ಕೆ ವರ್ಗಾಯಿಸಲಾಗಿತ್ತು. 1898ರಲ್ಲಿ ಕಲ್ಕತ್ತಾದಲ್ಲಿ ಅವಕಾಶ ದೊರೆತಾಗ, ಹಕ್ಕಿಗಳ ಮಲೇರಿಯಾವನ್ನು ಆರಿಸಿಕೊಂಡು ಪರೋಪಜೀವಿ ಸೊಳ್ಳೆಯ ಜೊಲ್ಲುಗ್ರಂಥಿ ಸೇರಿ ಕಡಿತದಿಂದ ಹರಡುವುದನ್ನು ತೋರಿಸಿದರು. ಜುಲೈನಲ್ಲಿ ಎಡಿನ್‌ಬರೋದ ವೈದ್ಯರ ಸಮ್ಮೇಳನದಲ್ಲಿ ಈ ಸುದ್ದಿಯನ್ನು ಪ್ರಕಟಿಸಿದವರು ಮ್ಯಾನ್ಸನ್. ಮನುಷ್ಯರ ಮಲೇರಿಯಾದಲ್ಲಿ ಅನಾಫಿಲಿಸ್ ಸೊಳ್ಳೆಯೊಳಗಿನ ಪೂರ್ಣ ಚಕ್ರವನ್ನು ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು ಅದೇ ವರ್ಷ ವಿವರಿಸಿದರು. ಯಾರು ಮೊದಲೆಂಬ ಜಗಳ ಬಹುಕಾಲ ನಡೆಯಿತು.

ಮಲೆನಾಡು ಮತ್ತು ಮಲೇರಿಯಾ

ರಾಸ್ ಕಂಡ ಸಂಗತಿಯ ಮಹತ್ವ ಹೆಚ್ಚಾಗಿದ್ದ ಪ್ರದೇಶಗಳಲ್ಲಿ ಪಶ್ಚಿಮಘಟ್ಟದ ಕಾಫಿಸೀಮೆಯೂ ಒಂದು. ಚಿಕ್ಕಮಗಳೂರು, ಆಲ್ದೂರು, ಮೂಡಿಗೆರೆ, ಕಳಸ ಸುತ್ತಿನ ತೋಟಗಳಿಗೆ ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಬಂದ ಕೂಲಿಯಾಳುಗಳಿಗೆ ಚಳಿಜ್ವರ ತಪ್ಪುತ್ತಿರಲಿಲ್ಲ. ಪದೇ ಪದೇ ಜ್ವರ ಬಂದವರ ಹೊಟ್ಟೆಯ ಎಡಭಾಗದಲ್ಲಿ ಗುಲ್ಮ ಊದಿ ಕೈಗೆ ಸಿಗುತ್ತಿತ್ತು. ಇದನ್ನು ಮಲೆನಾಡಿನವರು ಜ್ವರಗಡ್ಡೆ ಎನ್ನುತ್ತಿದ್ದರು. ಇಲ್ಲಿ ರೋಗ ಹರಡುವ ಪ್ರಮುಖ ಸೊಳ್ಳೆಯಾದ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಬೆಳೆಯುವುದು ಪೀಪಾಯಿಯಲ್ಲಲ್ಲ, ತೋಟದಂಚಿನಲ್ಲಿ ನಿಧಾನವಾಗಿ ಹರಿಯುವ ತಿಳಿನೀರಿನ ಹಳ್ಳಗಳಲ್ಲಿ. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರು ಸಂಸ್ಥಾನವು 1920ರ ದಶಕದ ಕೊನೆಯಲ್ಲಿ ಮಲೇರಿಯಾ ಅಧ್ಯಯನ ಕೈಗೊಂಡಾಗ ಮೂಡಿಗೆರೆಯೂ ಅದರ ಕೇಂದ್ರಗಳಲ್ಲೊಂದಾಗಿತ್ತು.

ನಂತರದ ಜೀವನ

1899ರಲ್ಲಿ ಸೇವೆಯಿಂದ ನಿವೃತ್ತರಾಗಿ ಲಿವರ್‌ಪೂಲಿನ ಉಷ್ಣವಲಯ ವೈದ್ಯಕೀಯ ಶಾಲೆ ಸೇರಿದರು. ಮಲೇರಿಯಾ ಹರಡುವಿಕೆಯನ್ನು ಗಣಿತದ ಸಮೀಕರಣಗಳಲ್ಲಿ ವಿವರಿಸಿದವರಲ್ಲಿ ಮೊದಲಿಗರು ಇವರೇ. ಕವಿತೆ, ಕಾದಂಬರಿಗಳನ್ನೂ ಬರೆದರು. 1911ರಲ್ಲಿ ಸರ್ ಪದವಿ ದೊರೆಯಿತು. ಸ್ವಭಾವದಲ್ಲಿ ಅವರು ಮುಂಗೋಪಿ. ಮ್ಯಾನ್ಸನ್ ಬರೆದ ಶಿಫಾರಸು ಪತ್ರವೊಂದರ ಮಾತಿಗೆ ನೊಂದು ಅವರ ಮೇಲೆಯೇ ಮಾನನಷ್ಟದ ದಾವೆ ಹೂಡಿದರು. 1923ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ತಮ್ಮ ಸಂಶೋಧನೆಯ ಕಥೆಯನ್ನು ವಿಸ್ತಾರವಾಗಿ ಹೇಳಿದ್ದಾರೆ. 1926ರಲ್ಲಿ ಲಂಡನ್ನಿನಲ್ಲಿ ಅವರ ಹೆಸರಿನ ಸಂಸ್ಥೆ ಆರಂಭವಾಯಿತು. ಕಲ್ಕತ್ತಾದ ಆಸ್ಪತ್ರೆಯಲ್ಲಿ ನಿರ್ಮಿಸಿದ ಸ್ಮಾರಕ ದ್ವಾರದ ಉದ್ಘಾಟನೆಗೆ 1927ರ ಜನವರಿಯಲ್ಲಿ ಅವರೂ ಬಂದಿದ್ದರು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ನಿಧನರಾದರು.