ಅರಮನೆಯ ಚಿತ್ರವನ್ನು ಮನೆಮನೆಗೆ ತಂದ ರಾಜಾ ರವಿವರ್ಮ

ಕಮಲದ ಮೇಲೆ ನಿಂತ ಲಕ್ಷ್ಮಿಯನ್ನೂ ವೀಣಾಪಾಣಿಯಾದ ಸರಸ್ವತಿಯನ್ನೂ ಪಟದಲ್ಲಿ ಕಾಣದವರು ನಮ್ಮಲ್ಲಿ ವಿರಳ. ಮುಂಬಯಿಯ ಚಾಳಿನ ಒಂದೇ ಕೋಣೆಯ ಸಂಸಾರದಲ್ಲಿಯೂ ಅಂಥ ಪಟಕ್ಕೆ ಗೋಡೆಯ ಮೇಲೆ ಸ್ಥಳವುಂಟು. ಅರಮನೆಗಳಿಗೆ ಮೀಸಲಾಗಿದ್ದ ಚಿತ್ರಗಳನ್ನು ಬಡವರ ಗೋಡೆಗೆ ತಂದವರು ರಾಜಾ ರವಿವರ್ಮರು. ಆ ಕಾರ್ಯ ಆರಂಭವಾದುದು ನಾವು ಬಾಳುತ್ತಿರುವ ಈ ನಗರದಲ್ಲಿಯೇ.

ರವಿವರ್ಮರು 1848ರ ಏಪ್ರಿಲ್ 29ರಂದು ಕೇರಳದ ಕಿಳಿಮಾನೂರಿನಲ್ಲಿ ಜನಿಸಿದರು. ಸೋದರಮಾವ ರಾಜರಾಜವರ್ಮರೇ ಅವರ ಮೊದಲ ಗುರುಗಳು. ಎಳೆಯ ವಯಸ್ಸಿನಲ್ಲಿಯೇ ತಿರುವನಂತಪುರದ ಅರಮನೆಯನ್ನು ಸೇರಿದರು. ಎಣ್ಣೆಬಣ್ಣದ ಮರ್ಮವನ್ನು ಕಲಿಸುವವರು ದೊರೆಯದಿದ್ದಾಗ, ಅಲ್ಲಿಗೆ ಬಂದಿದ್ದ ಥಿಯೊಡೋರ್ ಜೆನ್ಸನ್ ಎಂಬ ಕಲಾವಿದರು ಚಿತ್ರ ಬರೆಯುವುದನ್ನು ನೋಡಿ ನೋಡಿಯೇ ಕಲಿತರು. 1873ರಲ್ಲಿ ವಿಯೆನ್ನಾದ ಪ್ರದರ್ಶನದಲ್ಲಿ ಅವರಿಗೆ ಬಹುಮಾನ ಲಭಿಸಿತು. ಮುಂದೆ ಬರೋಡಾದ ಮಹಾರಾಜರಿಗಾಗಿ 14 ಪೌರಾಣಿಕ ಚಿತ್ರಗಳನ್ನು ರಚಿಸಿದರು.

ಆದರೆ ಒಂದು ಚಿತ್ರ ಒಂದೇ ಗೋಡೆಯನ್ನು ಅಲಂಕರಿಸಬಲ್ಲದು. ಆದುದರಿಂದ ಚಿತ್ರಗಳನ್ನು ಅಚ್ಚು ಹಾಕಿಸಬೇಕೆಂದು ದಿವಾನರಾಗಿದ್ದ ಸರ್ ಟಿ. ಮಾಧವರಾಯರು ಸಲಹೆಯಿತ್ತಿದ್ದರು. ಅದರಂತೆ 1894ರಲ್ಲಿ ರವಿವರ್ಮರು ತಮ್ಮನೊಡನೆ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ಜರ್ಮನಿಯಿಂದ ಯಂತ್ರಗಳೂ ಕುಶಲಿಗಳೂ ಬಂದರು.

ಕಲ್ಲಚ್ಚಿನ ಕೆಲಸ ತಾಳ್ಮೆಯದು. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರವನ್ನು ಬರೆದು ಕಲ್ಲನ್ನು ನೀರಿನಿಂದ ಒದ್ದೆ ಮಾಡುವರು. ಜಿಡ್ಡು ಇರುವಲ್ಲಿ ಮಾತ್ರ ಬಣ್ಣ ಹಿಡಿಯುವುದು, ಒದ್ದೆಯಾದಲ್ಲಿ ಹಿಡಿಯದು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಒಂದೇ ಹಾಳೆಯನ್ನು ಎಲ್ಲ ಕಲ್ಲುಗಳ ಮೇಲೂ ಕೂದಲೆಳೆಯಷ್ಟೂ ತಪ್ಪದಂತೆ ಒತ್ತಬೇಕು.

1896ರಲ್ಲಿ ನಗರಕ್ಕೆ ಪ್ಲೇಗು ಬಂದಿತು. 1899ರಲ್ಲಿ ಮುದ್ರಣಾಲಯವು ಲೋಣಾವಳದ ಬಳಿಯ ಮಳವಲಿಗೆ ಸ್ಥಳಾಂತರವಾಯಿತು. ಪಟಗಳು ಜನಪ್ರಿಯವಾದರೂ ಸಾಲ ಬೆಳೆಯಿತು. ಕೊನೆಗೆ ಅದನ್ನು ಫ್ರಿಟ್ಜ್ ಶ್ಲೈಶರ್ ಎಂಬ ಜರ್ಮನ್ ಕುಶಲಿಗೆ ಮಾರಬೇಕಾಯಿತು. ಮುಂದೆ 1913ರಲ್ಲಿ 'ರಾಜಾ ಹರಿಶ್ಚಂದ್ರ' ಚಲನಚಿತ್ರವನ್ನು ನಿರ್ಮಿಸಿದ ದಾದಾಸಾಹೇಬ ಫಾಲ್ಕೆಯವರೂ ಇದೇ ಮುದ್ರಣಾಲಯದಲ್ಲಿ ದುಡಿದಿದ್ದರು.

ರವಿವರ್ಮರು ಕೊನೆಯ ವರ್ಷಗಳಲ್ಲಿ ಮೈಸೂರು ಅರಸರಿಗಾಗಿಯೂ ಚಿತ್ರಗಳನ್ನು ಬರೆದರು. 1905ರಲ್ಲಿ ತಮ್ಮನನ್ನು ಕಳೆದುಕೊಂಡು, 1906ರ ಅಕ್ಟೋಬರ್ 2ರಂದು ತಾವೂ ಕೀರ್ತಿಶೇಷರಾದರು.

ಅಗ್ಗದ ಪಟಗಳಿಂದ ಕಲೆಯ ಘನತೆ ಕುಂದಿತೆಂದು ಟೀಕಿಸಿದವರುಂಟು. ಮೂಲಚಿತ್ರದ ಸೊಬಗು ಪಟದಲ್ಲಿ ಪೂರ್ಣವಾಗಿ ಇಳಿಯದೆಂಬುದು ನಿಜವೇ. ಆದರೆ ಮೂಲವನ್ನು ನೋಡಲು ಅರಮನೆಯ ಬಾಗಿಲು ಎಷ್ಟು ಮಂದಿಗೆ ತೆರೆಯುತ್ತಿತ್ತು? ಮುದ್ರಣಾಲಯ ಅವರ ಕೈತಪ್ಪಿತು. ಅಲ್ಲಿ ಅಚ್ಚಾದ ಪಟಗಳು ಮಾತ್ರ ಕೋಟ್ಯಂತರ ಜನರ ಮನೆಗಳನ್ನು ಸೇರಿದವು. ವಿದ್ಯಾರ್ಥಿಗಳೇ, ಹಂಚಿದಷ್ಟೂ ಬೆಳೆಯುವ ಸಂಪತ್ತು ವಿದ್ಯೆಯೊಂದೇ ಅಲ್ಲ, ಕಲೆಯೂ ಹೌದೆಂಬುದನ್ನು ನಾವು ಈ ಜೀವನದಿಂದ ಅರಿಯೋಣ.